ಹಗ್ಗದ ಸಾಹೇಬರ ಅರ್ಜಿ

ಸತ್ತವರ ಬಗ್ಗೆ ಜನ ಎಷ್ಟು ಖಾತ್ರಿಯಿಂದ ಮಾತಾಡುತ್ತಾರಪ್ಪಾ! ಜೇವರ್ಗಿಯ ಕಚೇರಿಯೊಂದರ ಮೇಲಿನ ಹಾಲಿನಲ್ಲಿ ಅವತ್ತು ನಡೆದ ಶೋಕಸಭೆಯಲ್ಲಿ ಆರು ಜನ ಮಾತಾಡಿದರು. ಆರೂ ಜನ ತಿರುಗಿಸಿ ಮುರುಗಿಸಿ ಹೇಳಿದ್ದು ಒಂದೇ ಮಾತು: "ಸಾಹೇಬ್ರು ಇಡೀ ಸರ್ವಿಸಿನಾಗ ಒಂದ ಒಂದು ಸುಳ್ಳ ಅಂಕಿ ಬರೀಲಿಲ್ಲ." ಏಳನೆಯವಳಾಗಿ ನನ್ನನ್ನು ಕರೆದರು. ನಾನು ಬಾಯಿ ಜೋರಿನವಳೆಂದು ಊರಿಗೆಲ್ಲ ಗೊತ್ತು, ಹಾಗಾಗಿ ದೊಡ್ಡ ಭಾಷಣವನ್ನೇ ಕಾಯುತ್ತಿದ್ದರು. ನಾನು ಮೈಕು ಹಿಡಿದು, ಒಳ್ಳೆಯ ನೆರೆಯವರಾಗಿದ್ದರು, ಕಲಿಯುವ ಹಂಬಲ ಬಹಳ ಇತ್ತು ಎಂದು ನಾಲ್ಕು ಸಾಲು ಹೇಳಿ ಕೂತುಬಿಟ್ಟೆ.

ಅವರು ಒಂದು ಸುಳ್ಳು ಅಂಕಿ ಬರೆದಿದ್ದರು. ಒಂದು ಸುಳ್ಳು ಮಾತನ್ನೂ ಆಡಿದ್ದರು. ಎರಡೂ ನನಗೆ ಗೊತ್ತು. ಮಾತು ಆಡಿದ್ದು ನನ್ನ ಸಲುವಾಗಿ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರೂ ಕಡಿಮೆಯೇ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ಹೊಲಗಳಲ್ಲಿ ಅವರು 'ಹಗ್ಗದ ಸಾಹೇಬ್ರು'. ಸುಗ್ಗಿಯಲ್ಲಿ ಸರ್ಕಾರದವರು ಬೆಳೆ ಕಟಾವು ಪ್ರಯೋಗ ಅಂತ ಮಾಡುತ್ತಾರೆ. ಊರಿನ ಒಂದೆರಡು ಹೊಲ ಆರಿಸಿ, ಹೊಲದೊಳಗೆ ಹಗ್ಗ ಕಟ್ಟಿ ಸಣ್ಣದೊಂದು ಚೌಕ ಮಾಡಿ, ಅದರಲ್ಲಿ ಬೆಳೆದದ್ದನ್ನಷ್ಟೇ ಕೊಯ್ದು, ಬಡಿದು, ತೂಗಿ ಬರೆದುಕೊಳ್ಳುವುದು. ಆ ತೂಕದ ಮೇಲೆ ಆ ಊರಿನ ಇಳುವರಿ, ಆಮೇಲೆ ತಾಲೂಕಿನದು, ಜಿಲ್ಲೆಯದು. ಸಾಹೇಬರ ಜೀವನ ಪೂರ್ತಿ ಆ ಚೌಕದಲ್ಲೇ ಕಳೆಯಿತು. ಹೆಗಲಿಗೊಂದು ಖಾಕಿ ಚೀಲ, ಅದರಲ್ಲಿ ಹಗ್ಗ, ನಾಲ್ಕು ಗೂಟ, ತಕ್ಕಡಿ, ಮತ್ತು ಪೇಪರಿನಲ್ಲಿ ಸುತ್ತಿದ ಎರಡು ಖಡಕ್ ರೊಟ್ಟಿ.

ಚೌಕ ಎಲ್ಲಿ ಕಟ್ಟಬೇಕೆಂಬುದನ್ನು ಮೇಲಿನಿಂದ ಬಂದ ಎರಡು ಅಂಕಿ ಹೇಳುತ್ತವೆ. ಹೊಲದ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಒಳಕ್ಕೆ. ಹೆಜ್ಜೆ ಹಾಕುವ ಮುಂಚೆ ಸಾಹೇಬರು ಬದುವಿನ ಮೇಲೆ ಚಪ್ಪಲಿ ಬಿಡುತ್ತಿದ್ದರು. ಮುಳ್ಳಿರಲಿ, ಎರೆಮಣ್ಣು ಬಿರಿದಿರಲಿ, ಬರಿಗಾಲು. ಗುಡಿಯಂತೆ ಭಾವಿಸಿ ಬಿಡುತ್ತಾರೆಂದು ಒಬ್ಬ ಮಾಸ್ತರರು ಅದರ ಮೇಲೆ ಭಾವಗೀತೆಯಂಥ ವಿವರಣೆ ಕೊಟ್ಟಿದ್ದರು. ನಾನು ಕೇಳಿದಾಗ ಸಾಹೇಬರು ನಕ್ಕರು. "ಅಂಥಾದ್ದೇನೂ ಇಲ್ರಿ ಅಕ್ಕೋರ. ಚಪ್ಲಿ ಹಾಕ್ಕೊಂಡ್ರ ಹೆಜ್ಜಿ ದೊಡ್ಡದಾಗ್ತದ."

ಚೌಡಾಪುರದಲ್ಲಿ ಒಬ್ಬ ಮುಖಂಡರ ಹೊಲ ಆಯ್ಕೆಯಾಗಿತ್ತಂತೆ. ಅವರು ಮೊದಲೇ ಒಂದು ಕಡೆ ಕುರ್ಚಿ ಹಾಕಿಸಿ, ಚಹಾದ ಕೆಟಲಿ ಇಡಿಸಿ, "ಇಲ್ಲೇ ಹಗ್ಗ ಹಾಕ್ರಿ ಸಾಹೇಬ್ರ, ನೆರಳು ಅದ" ಅಂದರಂತೆ. ಅಲ್ಲಿ ಬೆಳೆ ಸೊರಗಿತ್ತು, ಬೆಳೆವಿಮೆಯ ದುಡ್ಡು ಬರಲೆಂದು ಇಳುವರಿ ಕಡಿಮೆ ತೋರಿಸಬೇಕಿತ್ತು ಅವರಿಗೆ. ಸಾಹೇಬರು, "ಹಗ್ಗಕ್ಕ ನೆರಳು ಬ್ಯಾಡ್ರಿ ಗೌಡ್ರ, ನೀವು ಕುಂದರ್ರಿ" ಎಂದು ಹೆಜ್ಜೆ ಹಾಕುತ್ತ ಬಿಸಿಲಿಗೆ ಹೋದರು. ಚಹಾ ಮುಟ್ಟಲಿಲ್ಲ. ತೂಕ ಮುಗಿಯುವ ತನಕ ಯಾವ ಊರಿನಲ್ಲೂ ನೀರು ಸಹ ಕುಡಿಯುತ್ತಿರಲಿಲ್ಲ. ತೂಕ ಮುಗಿದ ಮೇಲೆ ಅದೇ ಗೌಡರ ಮನೆಯಲ್ಲಿ ಕೂತು ಮೂರು ಕಪ್ಪು ಚಹಾ ಕುಡಿದು ಬಂದರಂತೆ.

ನರೋಣಾದ ಹೊಲವೊಂದರಲ್ಲಿ ಅವರ ಚೌಕ ಬಿದ್ದದ್ದು ಒಂದು ಕಾಳೂ ಬೆಳೆಯದ ಬೋಳು ತುಣುಕಿನ ಮೇಲೆ. ಸುತ್ತ ಎದೆಯುದ್ದ ಜೋಳ. ಜೊತೆಗಿದ್ದವರು, ನಾಲ್ಕು ಹೆಜ್ಜೆ ಆಚೆ ಸರಿಸೋಣ ಬಿಡ್ರಿ, ಯಾರು ನೋಡ್ತಾರ ಅಂದರು. ಸಾಹೇಬರು ಖಾಲಿ ಚೌಕಕ್ಕೆ ಹಗ್ಗ ಕಟ್ಟಿ, ಖಾಲಿ ತಕ್ಕಡಿ ಎತ್ತಿ ತೋರಿಸಿ, ಸೊನ್ನೆ ಬರೆದರು. "ಸೊನ್ನಿ ಬಂದ್ರ ಸೊನ್ನಿ ಬರೀಬೇಕ್ರಿ. ಸೊನ್ನಿಗೂ ನಾವು ನಡಕೊಂಡೇ ಹೋಗಿರ್ತೇವಲ್ರಿ." ಈ ಮಾತನ್ನು ನಾನು ನನ್ನ ತರಗತಿಯಲ್ಲಿ ಎಷ್ಟು ಸಲ ಕದ್ದು ಹೇಳಿದ್ದೇನೋ ಲೆಕ್ಕವಿಲ್ಲ.

ನಾನು ಜೇವರ್ಗಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಬಾಡಿಗೆ ಮನೆಯ ಕೆಳಗೆ ನಾನು, ಮೇಲೆ ಅವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಆಳಂದದಲ್ಲಿ ಶಾಲೆ ಅಕ್ಕೋರು. ಮೊದಲ ತಿಂಗಳು ನಮ್ಮಿಬ್ಬರಿಗೆ ನೀರಿನ ಟ್ಯಾಂಕಿನ ಸಲುವಾಗಿ ಜಗಳ. ಎರಡನೇ ತಿಂಗಳು ಅವರೇ ಇಳಿದು ಬಂದು ಬಾಗಿಲಲ್ಲಿ ನಿಂತು, "ಅಕ್ಕೋರ, ನೀವು ಸರಾಸರಿ ಕಲಿಸ್ತೀರಂತಲ್ರಿ. ಒಂದು ಕೇಳ್ಲೇನು?" ಅಂದರು. ಕೇಳಿ ಎಂದೆ. "ಸರಾಸರಿ ಅಂದ್ರ ಯಾರ್ರಿ ಅವ? ಮೂವತ್ತ ವರ್ಷ ತೂಗೇನಿ. ಸರಾಸರಿ ಇಳುವರಿ ಬಂದ ರೈತನ್ನ ನಾ ಒಬ್ಬನ್ನೂ ಕಂಡಿಲ್ಲ." ನನಗೆ ಉತ್ತರ ಗೊತ್ತಿತ್ತು, ಹೇಳಿದೆ, ಪುಸ್ತಕದ ಉತ್ತರ. ಅವರು ತಲೆಯಾಡಿಸಿ ಹೋದರು. ನನಗೆ ಅದೇನೋ ಸರಿಬರಲಿಲ್ಲ, ಮರುದಿನ ನಾನೇ ಮೇಲೆ ಹತ್ತಿ ಹೋದೆ.

ಹೀಗೆ ನಮ್ಮ ಪಾಠ ಶುರುವಾಯಿತು. ಸಂಜೆ ಅಸರ್ ನಮಾಜು ಮುಗಿಸಿ ಇಳಿಯುತ್ತಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಪ್ರೋಗ್ರಾಂ ಬರೆಯುವುದು ಕಲಿತರು. ತಪ್ಪು ಬಂದು ಪರದೆ ಕೆಂಪಾದರೆ, "ಬೈಯಾಕತ್ತದ ನೋಡ್ರಿ" ಎಂದು ಹುಡುಗನ ಹಾಗೆ ನಗುತ್ತಿದ್ದರು. ಯಾವ ಅಂಕಿ ಬರೆಯುವ ಮುಂಚೆಯೂ ಅದನ್ನು ಎರಡು ಸಲ ಬಾಯಲ್ಲಿ ಹೇಳಬೇಕು, ಎದುರಿಗಿದ್ದವರಿಂದಲೂ ಹೇಳಿಸಬೇಕು. ಹೊಲದ ಅಭ್ಯಾಸ ಅದು. "ನೀವೂ ಒಮ್ಮಿ ಅನ್ರಿ." ನಾನೂ ಅನ್ನುತ್ತಿದ್ದೆ. ಡೇಟಾ ಸೈನ್ಸ್ ಎಂದರೇನೆಂದು ನಾನು ಅರ್ಧ ತಾಸು ಕೊರೆದ ಮೇಲೆ ಅವರು, "ಅಂದ್ರ ನಮ್ಮ ಕೆಲಸಕ್ಕ ಸೂಟು ಬೂಟು ಹಾಕ್ಯಾರ ಅನ್ರಿ" ಅಂದರು.

ಆಗಲೇ ನನ್ನ ಫೋನಿಗೆ ಒಂದು ಪ್ರಕಟಣೆ ಬಂದದ್ದು. ದೂರದ ಒಂದು ವಿಶ್ವವಿದ್ಯಾಲಯ ಡೇಟಾ ಸೈನ್ಸ್ ವಿಭಾಗಕ್ಕೆ ಆರು ತಿಂಗಳ ಮಟ್ಟಿಗೆ ಸಂದರ್ಶಕರನ್ನು ಕರೆದಿತ್ತು. ಪ್ರೊಫೆಸರುಗಳೇ ಆಗಬೇಕಿಲ್ಲ, ಹೊಲ, ದವಾಖಾನೆ, ಕಚೇರಿಗಳಲ್ಲಿ ಅಂಕಿ ಸಂಗ್ರಹಿಸುವವರು ಆದರೆ ಇನ್ನೂ ಒಳ್ಳೆಯದು ಎಂದಿತ್ತು. ನಾನು ತಮಾಷೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು.

"ನಂಗ ಒಂದು ಕೇಳೂದು ಅದರಿ ಅಲ್ಲಿ," ಅಂದರು.

"ಏನು ಸರ್?"

"ಹೊಲಕ್ಕ ಹೋಗದ, ಕುಂತಲ್ಲೇ ಬರ್ದ ಅಂಕಿ ಇರ್ತಾವಲ್ರಿ, ಅವನ್ನ ಹ್ಯಾಂಗ ಹುಡುಕೂದು? ನಂಗನ್ನಿಸ್ತದ, ಕುಂತು ಬರಿಯಾವ ಅಂಕಿನ ತಲಿಯಿಂದ ಹುಟ್ಟಸೂದಿಲ್ರಿ. ಕಣ್ಣ ಮುಂದ ಏನಿರ್ತದ ಅದನ್ನ ಎತ್ಗೋತಾನ. ಅದರ ಗುರುತು ಉಳೀತದ."

ನಾನು ಬೆಚ್ಚಿದೆ. ಪುಸ್ತಕ ಓದಿ ಬಂದ ಮಾತಲ್ಲ ಅದು. ಅವತ್ತೇ ಅರ್ಜಿ ಹಾಕೋಣ ಎಂದು ಹಟ ಹಿಡಿದೆ.

ಅರ್ಜಿಯ ಕಾಗದಪತ್ರ ತಯಾರು ಮಾಡಿದ ಆ ಇಪ್ಪತ್ತು ದಿನ ನಾವಿಬ್ಬರೂ ನಕ್ಕಷ್ಟು ಮತ್ತೆ ನಗಲಿಲ್ಲ. ಮೊದಲು ಬಯೋಡೇಟಾ. ಕಚೇರಿಯ ಸೇವಾ ಪುಸ್ತಕದ ಮಾದರಿಯಲ್ಲೇ ಬರೆದುಕೊಂಡು ಬಂದಿದ್ದರು: ಎತ್ತರ, ರಕ್ತದ ಗುಂಪು, ಬಲ ಹಿಮ್ಮಡಿಯ ಮೇಲೆ ಗಾಯದ ಕಲೆ. 'ವಿಶೇಷ ಅರ್ಹತೆ' ಎಂಬಲ್ಲಿ, 'ಬರಿಗಾಲ ಹೆಜ್ಜೆ ಎಪ್ಪತ್ತೈದು ಸೆಂಟಿಮೀಟರ್, ಮೂವತ್ತು ವರ್ಷದಿಂದ ಬದಲಾಗಿಲ್ಲ' ಎಂದಿತ್ತು. ನಾನು ಹೊಟ್ಟೆ ಹಿಡಿದು ನಕ್ಕೆ, ಹೊಡೆದು ಹಾಕಿದೆ. "ಯಾಕ್ರಿ? ಅದ ಅಲ್ರಿ ನನ್ನ ಅನುಭವ" ಎಂದು ಮುಖ ಸಣ್ಣದು ಮಾಡಿಕೊಂಡರು.

ಆಮೇಲೆ ಶಿಫಾರಸು ಪತ್ರ. ನಿಮ್ಮ ಕೆಲಸ ಬಲ್ಲ ಇಬ್ಬರಿಂದ ಪತ್ರ ತರಬೇಕು ಎಂದು ಹೇಳಿ ನಾನು ಊರಿಗೆ ಹೋದೆ. ನಾಲ್ಕು ದಿನ ಬಿಟ್ಟು ಬಂದರೆ, ಸಾಹೇಬರು ರಜೆ ಹಾಕಿ ಮೂರೂ ತಾಲೂಕು ಸುತ್ತಿ ಒಂದು ಪಂಚನಾಮೆ ಮಾಡಿಸಿಕೊಂಡು ಬಂದಿದ್ದಾರೆ! ಕಟಾವಿನ ದಿನ ಹೊಲದಲ್ಲಿ ಪಂಚರ ಸಹಿ ಹಾಕಿಸುವ ರೂಢಿ ಅವರಿಗೆ. ವಿಶ್ವವಿದ್ಯಾಲಯದವರೂ ಅದನ್ನೇ ಕೇಳುತ್ತಿದ್ದಾರೆಂದು ತಿಳಿದಿದ್ದರು. ಅರ್ಜಿಯ ಜೊತೆ ಕೊಡಬೇಕಾದ 'ನಿಮ್ಮ ಉದ್ದೇಶ ಏನು' ಎಂಬ ಬರಹವನ್ನು ಕನ್ನಡದಲ್ಲಿ ಬರೆದುಕೊಂಡು, ನರೋಣಾದಲ್ಲಿ, ಚೌಡಾಪುರದಲ್ಲಿ, ಯಡ್ರಾಮಿ ಕಡೆಯ ಒಂದು ಹಳ್ಳಿಯಲ್ಲಿ ರೈತರನ್ನು ಕೂರಿಸಿ ಪೂರ್ತಿ ಓದಿ ಹೇಳಿ, ಕೆಳಗೆ ಬರೆಸಿದ್ದರು: 'ಮೇಲಿನದು ನಮಗೆ ಓದಿ ಹೇಳಿದ್ದಾರೆ. ಇವರು ನಮ್ಮ ಹೊಲದಲ್ಲಿ ಹೆಜ್ಜೆ ಹಾಕಿದ್ದನ್ನು ನಾವು ಕಂಡಿದ್ದೇವೆ.' ಐದು ಸಹಿ, ನಾಲ್ಕು ಹೆಬ್ಬೆಟ್ಟು.

"ಸರ್, ಇದಕ್ಕೆ ಅರ್ಜಿಯಲ್ಲಿ ಜಾಗಾನೇ ಇಲ್ಲ," ಅಂದೆ.

"ಮತ್ತ ನನ್ನ ಕೆಲಸ ಕಂಡವರು ಇವರ ಅಲ್ರಿ? ಆಫೀಸಿನ್ಯಾಗ ಕುಂತವರು ಏನ್ ಕಂಡಾರ?"

ಕಡೆಗೆ ನಾನೊಂದು, ಅವರ ಹಳೆಯ ಅಧಿಕಾರಿಯೊಬ್ಬರು ಒಂದು ಪತ್ರ ಕೊಟ್ಟೆವು. ಪಂಚನಾಮೆಯನ್ನು ಕಡತದಲ್ಲಿಟ್ಟು, ಉದ್ದೇಶದ ಬರಹವನ್ನು ಇಂಗ್ಲಿಷಿಗೆ ತರಲು ಕೂತೆ. ಎರಡನೇ ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು.

ಅಲ್ಲಿ ಅವರು ತಮ್ಮ ಸುಳ್ಳು ಅಂಕಿಯ ವಿಷಯ ಬರೆದಿದ್ದರು. ಬಹಳ ವರ್ಷದ ಹಿಂದೆ ಯಡ್ರಾಮಿ ಕಡೆಯ ಆ ಹಳ್ಳಿಯಲ್ಲಿ ಜೋಳದ ಕಟಾವು ಇದ್ದ ದಿನ ಅವರು ಹೊಲಕ್ಕೆ ಹೋಗಿರಲಿಲ್ಲ. ಹೆಂಡತಿ ಕಲಬುರಗಿಯ ದವಾಖಾನೆಯಲ್ಲಿದ್ದರು. ಕೂತಲ್ಲೇ ನಮೂನೆ ತುಂಬಿ ಕಳಿಸಿದ್ದರು. ಆ ಅಂಕಿ ಎಲ್ಲಿಂದ ಬಂತೆಂಬುದನ್ನೂ ಬಿಡದೆ ಬರೆದಿದ್ದರು. ಕುಂತು ಬರೆದ ಅಂಕಿ ಕಣ್ಣ ಮುಂದಿದ್ದದ್ದನ್ನು ಎತ್ತಿಕೊಳ್ಳುತ್ತದೆ ಎಂಬ ಅವರ ಮಾತಿಗೆ ಇದ್ದ ಆಧಾರ ಅದೊಂದೇ.

ನಾನು ಕಾಗದ ಹಿಡಿದು ಮೆಟ್ಟಿಲು ಹತ್ತಿದೆ. ಅವರು ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು.

"ಇದನ್ನ ತೆಗೀರಿ ಸರ್."

"ಯಾಕ್ರಿ?"

"ಯಾಕ್ರಿ ಅಂದ್ರೆ? ನೌಕರಿಯಲ್ಲಿದ್ದೀರಿ. ಇದು ಯಾರ ಕೈಗಾದರೂ ಸಿಕ್ಕಿ ನಿಮ್ಮ ಇಲಾಖೆಗೆ ಹೋದರೆ ನೋಟಿಸು ಬರ್ತದೆ, ವಿಚಾರಣೆ ಬರ್ತದೆ. ಪೆನ್ಶನ್ ತಡೀತಾರೆ. ಮೂವತ್ತು ವರ್ಷ ಮಣ್ಣುಪಾಲು!"

ಅವರು ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರು. "ಬರ್ಲಿ ಬಿಡ್ರಿ. ಇದನ್ನ ಬಿಟ್ರ ನನ್ನ ಅರ್ಜಿನ್ಯಾಗ ಏನ್ ಉಳೀತದ? ಆ ಗುರುತು ನಂಗ ಹ್ಯಾಂಗ ಗೊತ್ತು ಅಂತ ಕೇಳಿದ್ರ ಏನ್ ಹೇಳ್ಲಿ?"

"ಆ ಊರಿನವರಿಗೆ ಗೊತ್ತಾದರೆ?"

"ಗೊತ್ತದರಿ. ಓದಿ ಹೇಳೇನಲ್ಲ. ಹೊಲದ ಮುದುಕಿ ಇನ್ನೂ ಅದಾಳ. ಆಕಿದೂ ಹೆಬ್ಬಟ್ಟು ಅದ ನೋಡ್ರಿ ಅದರಾಗ."

"ಏನಂದಳು?"

"'ಜ್ವಾಳದ ಸುದ್ದಿ ಹಾಳಾಗ್ಲಿ ಬಿಡೋ ಯಪ್ಪಾ, ನಿನ್ನ ಹೇಣ್ತಿ ಉಳದ್ಲೇನು' ಅಂತ ಕೇಳಿದ್ಲ್ರಿ."

"ನೀವೇನಂದ್ರಿ?"

"ಇಲ್ಲ ಅಂದೆ."

ಅಂಗಿ ಮಡಚಿಟ್ಟು, ಇನ್ನೊಂದು ಅಂಗಿ ತೆಗೆದುಕೊಂಡರು. ಪ್ಯಾರಾ ಇರಲಿ ಎಂಬುದೇ ಅವರ ಕಡೆಯ ಮಾತು. ನಾನು ಹೂಂ ಎಂದು ಇಳಿದು ಬಂದೆ.

ಕಡೆಯ ದಿನ ಮಧ್ಯಾಹ್ನ, ಅವರು ಕಚೇರಿಯಲ್ಲಿದ್ದಾಗ, ಎಲ್ಲವನ್ನೂ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಪದಗಳ ಮಿತಿ ಸ್ವಲ್ಪ ಮೀರಿತ್ತು. ಬೇರೆ ಎಲ್ಲಾದರೂ ಕತ್ತರಿಸಬಹುದಿತ್ತು. ನಾನು ಆ ಪ್ಯಾರಾವನ್ನೇ ಪೂರ್ತಿ ತೆಗೆದೆ. ಅದರ ಜಾಗದಲ್ಲಿ 'ದೀರ್ಘಕಾಲದ ಕ್ಷೇತ್ರಾನುಭವದಿಂದ ರೂಪುಗೊಂಡ ಒಳನೋಟ' ಎಂಬರ್ಥದ ಮೂರು ವಾಕ್ಯಗಳನ್ನು ನನ್ನ ಇಂಗ್ಲಿಷಿನಲ್ಲಿ ಹೊಸೆದೆ. ಅವರ ಪೆನ್ಶನ್ ಹೋದೀತೆಂಬ ನನ್ನ ಭಯ ನಿಜ. ಆದರೆ ಅದೊಂದೇ ಅಂದರೆ ಇವತ್ತೂ ಸುಳ್ಳು ಹೇಳಿದಂತೆ. ಆ ಮೂರು ವಾಕ್ಯ ನನಗೆ ಬಹಳ ಚಂದ ಕಂಡಿದ್ದವು. ಸಂಜೆ ಅವರು ಬಂದು, "ಎಲ್ಲಾ ಹೋತೇನ್ರಿ?" ಎಂದು ಕೇಳಿದಾಗ, ಎಲ್ಲಾ ಹೋಯಿತು ಎಂದೆ.

ಸಂದರ್ಶನಕ್ಕೆ ಕರೆ ಬಂತು. ಸಾಹೇಬರು ಓಣಿಗೆಲ್ಲ ಪೇಡೆ ಹಂಚಿದರು. ಭಾನುವಾರ ಹನ್ನೊಂದು ಗಂಟೆಗೆ ನನ್ನ ಕೋಣೆಯಲ್ಲಿ, ನನ್ನ ಲ್ಯಾಪ್‌ಟಾಪಿನ ಎದುರು, ಹೊಸ ಇಸ್ತ್ರಿ ಅಂಗಿ ತೊಟ್ಟು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತರು. ನಾನು ಪರದೆಗೆ ಕಾಣದಂತೆ ಪಕ್ಕಕ್ಕೆ ಕೂತೆ. ಆ ಕಡೆ ಮೂವರಿದ್ದರು. ಅವರಲ್ಲೊಬ್ಬ ಹೆಂಗಸು ಕನ್ನಡದವರು. ಸಾಹೇಬರು ಇಂಗ್ಲಿಷಿನಲ್ಲಿ ತಡವರಿಸುವುದನ್ನು ಕಂಡು, "ಕನ್ನಡದಲ್ಲೇ ಹೇಳಿ, ನಾನು ಇವರಿಗೆ ತಿಳಿಸ್ತೀನಿ" ಎಂದರು.

ಹೆಜ್ಜೆ ಹಾಕುವುದು, ಹಗ್ಗ ಕಟ್ಟುವುದು, ಸೊನ್ನೆ ಬರೆದದ್ದು ಎಲ್ಲವನ್ನೂ ಹೇಳಿದರು. ಮೂವರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ನನ್ನ ಎದೆ ಉಬ್ಬಿತ್ತು. ಆಮೇಲೆ ಆ ಹೆಂಗಸು ಕೇಳಿದರು: "ಕೂತು ಬರೆದ ಅಂಕಿ ಕಣ್ಣ ಮುಂದಿರೋದನ್ನ ಎತ್ತಿಕೊಳ್ಳುತ್ತೆ ಅಂತ ಬರೆದಿದ್ದೀರಿ. ತುಂಬಾ ಒಳ್ಳೆ ಮಾತು. ಇದಕ್ಕೆ ನಿಮ್ಮ ಆಧಾರ ಏನು?"

"ಅದನ್ನ ಬರ್ದೇನಲ್ರಿ ಮೇಡಂ. ಎರಡನೇ ಪುಟದಾಗ ಅದ ನೋಡ್ರಿ."

ಅವರು ಹುಡುಕಿದರು. "ಇಲ್ಲಿ 'ದೀರ್ಘಕಾಲದ ಅನುಭವ' ಅಂತ ಮಾತ್ರ ಇದೆ. ಉದಾಹರಣೆ ಯಾವುದೂ ಇಲ್ಲ."

ಸಾಹೇಬರು ಮೆಲ್ಲಗೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ದಿನ ಇದನ್ನು ಹೊರುತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಆ ಕಡೆಯ ಇನ್ನೊಬ್ಬರು ಇಂಗ್ಲಿಷಿನಲ್ಲಿ ಏನೋ ಅಂದರು. ಹೆಂಗಸು ಸ್ವಲ್ಪ ಸಂಕೋಚದಿಂದಲೇ ಕನ್ನಡದಲ್ಲಿ ಕೇಳಿದರು: "ತಪ್ಪು ತಿಳಿಬೇಡಿ. ಈ ಬರಹ ನೀವೇ ಬರೆದದ್ದಾ?"

ಅವರು ನಿಜ ಹೇಳಬಹುದಿತ್ತು. 'ನಾನು ಬರೆದದ್ದು ಬೇರೆ, ಕಳಿಸಿದವರು ತೆಗೆದಿದ್ದಾರೆ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ, ಶಿಫಾರಸು ಪತ್ರ ಕೊಟ್ಟ ನಾನೇ ಅರ್ಜಿ ತಿದ್ದಿದ್ದೇನೆಂದು ಬಯಲಾಗುತ್ತಿತ್ತು. ಆ ಪತ್ರದ ಮೇಲೆ ನನ್ನ ಕಾಲೇಜಿನ ಹೆಸರಿತ್ತು. ಸಾಹೇಬರಿಗೆ ಅದು ಆ ಕ್ಷಣದಲ್ಲೇ ಹೊಳೆದಿರಬೇಕು.

"ಹೌದ್ರಿ," ಅಂದರು. "ಎಲ್ಲಾ ನಂದ ಬರಹ. ಆಧಾರ ಬರಿಯೂದು ನಾನ ಮರತೇನಿ."

ಎರಡು ನಿಮಿಷದಲ್ಲಿ ಮಾತುಕತೆ ಮುಗಿಯಿತು. ಪರದೆ ಕಪ್ಪಾಯಿತು. ಅವರೇ ಲ್ಯಾಪ್‌ಟಾಪ್ ಮುಚ್ಚಿದರು. ನಾನು ಬಾಯಿ ಬಿಟ್ಟೆ. ಬಾಯಿಂದ ಬಂದದ್ದಾದರೂ ಏನು? "ಸರ್, ನಿಮ್ಮ ಪೆನ್ಶನ್ನಿಗೆ ತೊಂದರೆ ಆಗಬಾರದು ಅಂತ..." ತಪ್ಪಾಯಿತು ಎಂಬ ಒಂದು ಮಾತು ಹೇಳಲು ನನ್ನಿಂದಾಗಲಿಲ್ಲ. ಛೇ.

"ಗೊತ್ತಾತ್ರಿ," ಅಂದರು. "ನೀವು ಅಂಜಿದ್ರಿ. ನಾನೂ ಅವತ್ತ ಅಂಜಿದ್ದೆ. ಅಂಜಿದವ್ರ ಕೈಲೇ ಇಂಥಾವು ಆಗ್ತಾವ್ರಿ. ನಡ್ರಿ, ಚಹಾ ಕುಡಿಯೂನು."

ಹೋಗಿ ಚಹಾ ಕುಡಿದೆವು. ಅವರು ಬೇರೆ ಸುದ್ದಿ ಮಾತಾಡಿದರು, ಮೋಡದ್ದು, ಬಸ್ಸಿನದು. ಹದಿನೈದು ದಿನಕ್ಕೆ ಉತ್ತರ ಬಂತು. ಆಯ್ಕೆಯಾಗಿಲ್ಲ, ವಿಚಾರ ಆಸಕ್ತಿಕರವಾದರೂ ಆಧಾರ ಸ್ಪಷ್ಟವಿಲ್ಲ, ಮುಂದಿನ ವರ್ಷ ಮತ್ತೆ ಪ್ರಯತ್ನಿಸಬಹುದು. ಅದನ್ನು ಪ್ರಿಂಟ್ ತೆಗೆಸಿ ಕಡತಕ್ಕೆ ಹಾಕಿಕೊಂಡು, "ಬರೋಬ್ಬರಿ ಅದರಿ. ಖರೇನ ಬರ್ದಾರ" ಎಂದರು.

ಮುಂದಿನ ವರ್ಷ ಹಾಕೇ ಹಾಕೋಣ ಸರ್, ಆ ಪ್ಯಾರಾ ಸಮೇತ ಹಾಕೋಣ ಎಂದು ನಾನು ಗೋಗರೆದೆ. ಅವರು ನಕ್ಕರು. "ಹಾಕೂನ್ರಿ. ಮುಂದಿನ ಸಲ ನಾನ ಟೈಪ್ ಮಾಡ್ತೇನಿ." ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೂ ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲೆ ಸಂಜೆ ಪಾಠಕ್ಕೆ ಇಳಿದು ಬರುವುದು ಕಡಿಮೆಯಾಯಿತು. ಕೇಳಿದರೆ, ಮಗಳು ಹಳೆಯದೊಂದು ಲ್ಯಾಪ್‌ಟಾಪ್ ಕೊಟ್ಟಿದ್ದಾಳೆ, ಅದರಲ್ಲೇ ಮಾಡಾಕತ್ತೇನಿ ಅನ್ನುತ್ತಿದ್ದರು. ಮೇಲಿನಿಂದ ಒಂದೊಂದೇ ಅಕ್ಷರ ಒತ್ತುವ ಸಪ್ಪಳ ಕಿಟಕಿಯಿಂದ ಕೇಳಿಸುತ್ತಿತ್ತು. ನಾನು ಎಷ್ಟೋ ಸಲ ಮೆಟ್ಟಿಲ ತನಕ ಹೋಗಿ ವಾಪಸು ಬಂದಿದ್ದೇನೆ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ತಳ್ಳುತ್ತ ಹೋದೆ. ಇಪ್ಪತ್ತು ಮೆಟ್ಟಿಲು ಸಹ ಇರಲಿಲ್ಲ.

ತೊಗರಿ ಕಟಾವು ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ, ಹೊಲಕ್ಕೆ ಹೊರಡಲು ಚಪ್ಪಲಿ ಮೆಟ್ಟುವಾಗ ಕುಸಿದರಂತೆ. ನಾನು ತರಗತಿಯಲ್ಲಿದ್ದೆ. ಓಡಿ ಬರುವಷ್ಟರಲ್ಲಿ ದವಾಖಾನೆಗೆ ಒಯ್ದು, ಏನೂ ಉಳಿದಿಲ್ಲವೆಂದು ವಾಪಸು ತಂದಿದ್ದರು. ಮುಖ ನೋಡಿದೆ. ಆಗ ಹೇಳಿದೆ, ತಪ್ಪಾಯಿತು ಸರ್ ಎಂದು, ಮನಸ್ಸಿನಲ್ಲಿ. ಯಾರಿಗೆ ಬೇಕಿತ್ತು ಆಗ ಅದು?

ಆ ಶೋಕಸಭೆಯಲ್ಲಿ ನಾನು ನಾಲ್ಕು ಸಾಲಿಗೆ ಕೂತದ್ದು ಇದರಿಂದ. ಅವರ ಪ್ಯಾರಾವನ್ನು ಅಲ್ಲಿ ಹೇಳಿದರೆ, ಅವರನ್ನು ಸುಳ್ಳುಗಾರ ಮಾಡಿದಳೆಂದು ಜನ ನನ್ನನ್ನು ಬೈಯುತ್ತಾರೆ, ಬೈಯಲಿ. ಆದರೆ ಸಾಹೇಬರನ್ನೇ ಬೈದರೆ? ಹೇಳದಿದ್ದರೆ ಎರಡನೇ ಸಲ ಅದನ್ನು ತೆಗೆದು ಹಾಕಿದಂತೆ. ಮತ್ತೆ ಅಂಜಿದೆ. ಮತ್ತೆ ತೆಗೆದೆ.

ವಾರದ ಮೇಲೆ ಅವರ ಮಗಳು ಮನೆ ಖಾಲಿ ಮಾಡಲು ಆಳಂದದಿಂದ ಬಂದಳು. ಸಂಜೆ ಕೆಳಗಿಳಿದು ಬಂದು ನನ್ನೆದುರು ಒಂದು ಹಾಳೆ ಹಿಡಿದಳು. ಕಣ್ಣು ಕೆಂಪಗಿದ್ದವು. "ಅಕ್ಕಾ, ಅಬ್ಬಾ ಲ್ಯಾಪ್‌ಟಾಪಿನ್ಯಾಗ ಇದೊಂದ ಬರ್ದಾರ್ರಿ. ಅಮ್ಮಿ ಸುದ್ದಿ ಅದ ಇದರಾಗ. ಇದ್ಯಾಕ ಬರ್ದಾರ, ಯಾರಿಗೆ ಬರ್ದಾರ? ನಿಮಗ ಗೊತ್ತೇನ್ರಿ?"

ಗೊತ್ತಿತ್ತು. ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ, ನಾನು ಮಾಡಿದ್ದನ್ನೂ. ಅವಳು ನನ್ನನ್ನು ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ನಾನು ಬರೆದರೆ ನಡೆಯುತ್ತದೆಯೇ ಎಂದು ಮಾತ್ರ ಕೇಳಿದೆ. "ಬರೀರಿ," ಅಂದಳು. "ಆದ್ರ ಈ ಸಲ ಏನೂ ತೆಗೀಬ್ಯಾಡ್ರಿ."

ಅವರ ಹೊಸ ಅರ್ಜಿ ಈ ಪ್ಯಾರಾದಿಂದಲೇ ಶುರುವಾಗುತ್ತದೆ. ಮುಂದೆ ಏನೂ ಇಲ್ಲ, ಇಷ್ಟೇ ಟೈಪ್ ಮಾಡಿದ್ದರು. ನಾನು ಅವತ್ತು ತೆಗೆದು ಹಾಕಿದ್ದೂ ಇದನ್ನೇ, ಕಡೆಯ ಎರಡು ವಾಕ್ಯ ಮಾತ್ರ ಹೊಸವು. ಅವರು ಬರೆದ ಹಾಗೆಯೇ ಇಡುತ್ತೇನೆ:

'ನಾನು ಒಂದು ಸುಳ್ಳು ಅಂಕಿ ಬರೆದಿದ್ದೇನೆ. ಜೋಳದ ಕಟಾವು ಇದ್ದ ದಿನ ನಾನು ಹೊಲಕ್ಕೆ ಹೋಗಲಿಲ್ಲ. ನನ್ನ ಹೆಂಡತಿ ದವಾಖಾನೆಯಲ್ಲಿದ್ದಳು. ಡಾಕ್ಟರು ಇವತ್ತೇ ಕಡೆ ಎಂದು ಹೇಳಿದ್ದರು. ನಮೂನೆ ಅವತ್ತೇ ಕಳಿಸಬೇಕಿತ್ತು, ಕಳಿಸದಿದ್ದರೆ ನೌಕರಿಗೆ ತೊಂದರೆ ಎಂದು ಅಂಜಿ, ಅವಳ ಮಂಚದ ಪಕ್ಕ ಕೂತು ತುಂಬಿದೆ. ತೂಕ 2.17, ಅಂದರೆ ಎರಡು ಕೆಜಿ ನೂರಾ ಎಪ್ಪತ್ತು ಗ್ರಾಂ ಎಂದು ಬರೆದೆ. ಆಗ ಅದು ನನ್ನ ತಲೆಯಿಂದ ಬಂತೆಂದೇ ತಿಳಿದಿದ್ದೆ. ಎಷ್ಟೋ ವರ್ಷದ ಮೇಲೆ ದವಾಖಾನೆಯ ಹಳೆ ಚೀಟಿ ಸಿಕ್ಕಾಗ ಗೊತ್ತಾಯಿತು. ಅವಳಿದ್ದದ್ದು ಎರಡನೇ ವಾರ್ಡು, ಹದಿನೇಳನೇ ಮಂಚ, ಮಂಚದ ಮೇಲೆ ಬರೆದಿದ್ದ ನಂಬರು 2/17. ಆ ಅಂಕಿ ಆ ಊರಿನ ಸರಾಸರಿಯಲ್ಲಿ, ತಾಲೂಕಿನ ಸರಾಸರಿಯಲ್ಲಿ ಇವತ್ತಿಗೂ ಇದೆ. ಅಂಥ ಅಂಕಿಗಳನ್ನು ಹುಡುಕಿ ತೆಗೆಯುವುದನ್ನು ಕಲಿ​ಯಲು ನಾನು ನಿಮ್ಮಲ್ಲಿಗೆ ಬರಬೇಕೆಂದಿದ್ದೇನೆ. ಬೇರೆಯವರು ಬರೆದದ್ದನ್ನೆಲ್ಲ ತೆಗೆಯಬಲ್ಲೆ. ಇದೊಂದನ್ನು ತೆಗೆಯಲು ನನ್ನ ಕೈ ಬರುತ್ತದೋ ಇಲ್ಲವೋ, ಗೊತ್ತಿಲ್ಲ.'